ಹೋಗಬೇಕಿದ್ದ ಊರು ಬಿಟ್ಟು, ಕಂಡ ದೀಪದ ಕಡೆಗೆ

ಸ್ಕೈರಿಮ್ ಎಂಬ ವಿಡಿಯೊ ಗೇಮ್‌ನ ಲೋಕದ ಉತ್ತರದ ಅಂಚಿನಲ್ಲಿ, ಡಾನ್‌ಸ್ಟಾರ್‌ಗೂ ವಿಂಟರ್‌ಹೋಲ್ಡ್‌ಗೂ ನಡುವೆ, ಹಿಮದ ಬೆಟ್ಟವೊಂದರ ಮೇಲೆ ಒಂದು ದೀಪಸ್ತಂಭವಿದೆ. ಫ್ರಾಸ್ಟ್‌ಫ್ಲೋ ಲೈಟ್‌ಹೌಸ್ ಅಂತ ಅದರ ಹೆಸರು. ಮೊದಲ ಸಲ ಅಲ್ಲಿಗೆ ಹೋದಾಗ ನಾನು ಹೊರಟಿದ್ದು ವಿಂಟರ್‌ಹೋಲ್ಡ್‌ಗೆ. ಅಲ್ಲಿ ಯಾರನ್ನು ಕಾಣಬೇಕಿತ್ತು, ಏನು ತಲುಪಿಸಬೇಕಿತ್ತು, ಒಂದೂ ಈಗ ನೆನಪಿಲ್ಲ. ಹಿಮಗಾಳಿ ಜೋರಾಗಿತ್ತು, ಹತ್ತು ಮಾರು ದೂರದ್ದೂ ಸರಿಯಾಗಿ ಕಾಣುತ್ತಿರಲಿಲ್ಲ. ಗಾಳಿ ಸ್ವಲ್ಪ ತಗ್ಗಿದಾಗ ಬಲಗಡೆ ಎತ್ತರದಲ್ಲಿ ಬೆಂಕಿ ಉರಿಯುವುದು ಕಂಡಿತು. ಇಂಥ ಚಳಿಯಲ್ಲಿ, ಅಷ್ಟು ಎತ್ತರದಲ್ಲಿ ಯಾರು ಬೆಂಕಿ ಹಾಕಿಕೊಂಡು ಕೂತಿದ್ದಾರೆ ಅನ್ನಿಸಿತು. ಆ ಕಡೆ ತಿರುಗಿದೆ.

ಬಾಗಿಲು ತೆಗೆದರೆ ಒಳಗೆ ಒಬ್ಬ ಹೆಂಗಸು ಸತ್ತು ಬಿದ್ದಿದ್ದಾಳೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೇಳುವವರೂ ಕೇಳುವವರೂ ಇಲ್ಲದ ಆ ಮನೆಯಲ್ಲಿ ಅಲ್ಲಲ್ಲಿ ಬಿದ್ದಿರುವ ದಿನಚರಿ ಪುಸ್ತಕಗಳೇ ಮಾತಾಡಬೇಕು. ಗಂಡ ಹಾಬ್ಡ್, ಹೆಂಡತಿ ರಮಾತಿ, ಮಗ ಮಣಿ, ಮಗಳು ಸುಡಿ. ಗಂಡ ಕಡಲಿನ ಮೇಲೆ ಬಾಳು ಕಳೆದವನು, ಮುಪ್ಪಿಗೆ ಕಡಲು ಕಾಣುವ ಜಾಗವೇ ಬೇಕು ಅಂತ ಈ ಸ್ತಂಭಕ್ಕೆ ಸಂಸಾರ ಕರೆದುಕೊಂಡು ಬಂದಿದ್ದ. ಮಕ್ಕಳಿಗೆ ಈ ಒಂಟಿ ಜಾಗ ಹಿಡಿಸಿರಲಿಲ್ಲ. ಆಮೇಲೆ ನೆಲಮಾಳಿಗೆಯಿಂದ ಸದ್ದು ಬರತೊಡಗಿತು. ಆ ನೆಲಮಾಳಿಗೆಗೆ ಬೀಗ ಬಿದ್ದಿದೆ. ಬೀಗದ ಕೈ ಹುಡುಕಿ, ಬಾಗಿಲು ತೆಗೆದು ಇಳಿದರೆ, ಗೋಡೆ ಒಡೆದು ಹೋಗಿ ಅದರಾಚೆ ಮಂಜಿನ ಗುಹೆ ಬಾಯಿ ತೆರೆದುಕೊಂಡಿದೆ. ಮುಂದಿನದನ್ನು ಪೂರ್ತಿ ಹೇಳುವುದಿಲ್ಲ. ಗುಹೆಯ ಕೊನೆಯಲ್ಲಿ ಒಂದು ದೊಡ್ಡ ಹುಳುವಿನಂಥ ಪ್ರಾಣಿ ಇದೆ. ಅದನ್ನು ಕೊಂದಾಗ ಹಾಬ್ಡ್‌ನ ಅಸ್ಥಿ ಸಿಗುತ್ತದೆ.

ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ. ಬೆಳಗಾಗಿತ್ತು, ಹಿಮಗಾಳಿ ನಿಂತಿತ್ತು. ನನ್ನ ಕೆಲಸ ನೆನಪಾಗಿ ವಿಂಟರ್‌ಹೋಲ್ಡ್ ದಾರಿ ಹಿಡಿದೆ. ದಿನಚರಿಯಲ್ಲಿದ್ದ ಒಂದು ಮಾತು ಆ ದಿನ ನನ್ನ ತಲೆಗೆ ಹತ್ತಲೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಸ್ಕೈರಿಮ್ ಬಂದಿದ್ದು 2011ರಲ್ಲಿ. ಆ ಆಟದಲ್ಲಿ ನೂರಾರು ಗಂಟೆ ಕಳೆದಿದ್ದೇನೆ, ಡ್ರ್ಯಾಗನ್‌ಗಳನ್ನು ಕೊಂದಿದ್ದೇನೆ, ಮುಖ್ಯ ಕಥೆ ಮುಗಿಸಿದ್ದೇನೆ. ಕಥೆಯ ಕೊನೆ ಹೇಗಿತ್ತು ಅಂದರೆ ತಡವರಿಸುತ್ತೇನೆ. ಆ ದೀಪಸ್ತಂಭದ ಮನೆಯಲ್ಲಿ ಯಾವ ಪುಸ್ತಕ ಎಲ್ಲಿ ಬಿದ್ದಿತ್ತು ಅಂದರೆ ಇವತ್ತಿಗೂ ಹೇಳಬಲ್ಲೆ. ಹೀಗೇಕೆ ಅಂತ ಬಹಳ ಸಲ ಯೋಚಿಸಿದ್ದೇನೆ. ಓಪನ್ ವರ್ಲ್ಡ್ ಫ್ಯಾಂಟಸಿ ಆಟಗಳಲ್ಲಿ, ಅಂದರೆ ಕಲ್ಪನೆಯ ಲೋಕದಲ್ಲಿ ಬೇಕಾದ ಕಡೆ ತಿರುಗಬಹುದಾದ ಆಟಗಳಲ್ಲಿ, ಅಲೆದಾಡುವುದು ಯಾವಾಗ ಸಾರ್ಥಕ ಅನ್ನಿಸುತ್ತದೆ, ಯಾವಾಗ ಬರೀ ದುಡಿತವಾಗುತ್ತದೆ ಎಂಬ ಪ್ರಶ್ನೆಗೆ ನನ್ನ ಉತ್ತರ ಆ ಬೆಂಕಿಯಲ್ಲೇ ಇದೆ. ಅಲ್ಲಿಗೆ ಹೋಗು ಅಂತ ನನಗೆ ಯಾರೂ ಹೇಳಲಿಲ್ಲ. ಕಣ್ಣಿಗೆ ಬಿತ್ತು, ಅದೇನು ಅಂತ ನನಗೇ ಅನ್ನಿಸಿತು, ಹೋಗಿ ನೋಡಿದೆ, ಅಲ್ಲಿ ಉತ್ತರ ಇತ್ತು. ಪ್ರಶ್ನೆ ನನ್ನದಾಗಿದ್ದರೆ ಉತ್ತರವೂ ನನ್ನದಾಗುತ್ತದೆ. ಪ್ರಶ್ನೆಯನ್ನೂ ಆಟವೇ ಕೇಳಿ, ಉತ್ತರದ ಜಾಗಕ್ಕೆ ಬಾಣದ ಗುರುತನ್ನೂ ಅದೇ ಹಾಕಿಕೊಟ್ಟರೆ, ನಾನು ಬರೀ ಸಾಮಾನು ಸಾಗಿಸುವವನಾಗುತ್ತೇನೆ.

ಸ್ಕೈರಿಮ್ ಕೂಡ ಇದರಲ್ಲಿ ಅರೆಬರೆ. ಪರದೆಯ ಮೇಲ್ಗಡೆ ಒಂದು ಕಂಪಾಸ್ ಪಟ್ಟಿ ಇರುತ್ತದೆ, ಹತ್ತಿರದಲ್ಲಿ ಗುಹೆಯೋ ಕೋಟೆಯೋ ಇದ್ದರೆ ಅದರ ಚಿಹ್ನೆ ಅಲ್ಲಿ ಮೂಡಿಬಿಡುತ್ತದೆ. ಬೆಟ್ಟದ ಹಿಂದೆ ಏನಿದೆ ಅಂತ ಕಾಲು ಹೇಳುವ ಮೊದಲೇ ಪಟ್ಟಿ ಹೇಳುತ್ತದೆ. ಕೆಲವು ದಿನ ಆಡಿದ ಮೇಲೆ ನಾನು ಬೆಟ್ಟ ನೋಡುವುದನ್ನೇ ಬಿಟ್ಟು ಆ ಪಟ್ಟಿಯನ್ನೇ ನೋಡಿಕೊಂಡು ನಡೆಯುತ್ತಿದ್ದೆ. ಅವತ್ತು ಹಿಮಗಾಳಿಯಲ್ಲಿ ಬೆಂಕಿ ಮೊದಲು ಕಂಡು, ಚಿಹ್ನೆ ಆಮೇಲೆ ಕಂಡಿತು. ಆ ಹಿಂದುಮುಂದೇ ನನ್ನ ಪುಣ್ಯ.

ಇದೇ ಸರಣಿಯಲ್ಲಿ ಇದಕ್ಕಿಂತ ಒಂಬತ್ತು ವರ್ಷ ಮೊದಲು, 2002ರಲ್ಲಿ ಬಂದ ಮಾರೋವಿಂಡ್ ಆಟದಲ್ಲಿ ಕ್ವೆಸ್ಟ್ ಮಾರ್ಕರ್, ಅಂದರೆ ಕೆಲಸಕ್ಕೆ ಹೋಗಬೇಕಾದ ಜಾಗ ತೋರಿಸುವ ಗುರುತು, ಎಂಬುದೇ ಇಲ್ಲ. ದಾರಿ ಬೇಕಾದರೆ ಬಾಯಿ ಬಿಟ್ಟು ಕೇಳಬೇಕು. ಈ ಊರಿನಿಂದ ಹೊರಡು, ಹೊಳೆ ದಾಟು, ಹಳೆಯ ಸೇತುವೆ ಬರುತ್ತದೆ, ಆಚೆ ದಡದಲ್ಲಿ ಪಾಳುಬಿದ್ದ ಜಾಗ ಇದೆ ಎಂಬ ಧಾಟಿಯಲ್ಲಿ ಅಲ್ಲಿನ ಪಾತ್ರಗಳು ಹೇಳುತ್ತವೆ, ಅದು ಜರ್ನಲ್‌ನಲ್ಲಿ ಬರೆದುಕೊಳ್ಳುತ್ತದೆ. ಮಿಕ್ಕಿದ್ದು ನಮ್ಮ ಕಣ್ಣಿಗೆ ಬಿಟ್ಟಿದ್ದು. ಆಟದ ಶುರುವಿನಲ್ಲೇ ಆರ್ಕ್‌ನ್‌ಥ್ಯಾಂಡ್ ಎಂಬ ಪಾಳು ಜಾಗದಿಂದ ಒಂದು ಸಣ್ಣ ಘನಾಕಾರದ ಪೆಟ್ಟಿಗೆ ತರುವ ಕೆಲಸ ಬರುತ್ತದೆ. ನಾನು ಸೇತುವೆ ದಾಟಿದೆ, ಜಾಗವೂ ಸಿಕ್ಕಿತು, ಬಾಗಿಲು ಮಾತ್ರ ಇಲ್ಲ. ಸುತ್ತ ಬಂಡೆ, ತುಕ್ಕು ಹಿಡಿದ ಲೋಹದ ಕೊಳವೆಗಳು. ಎರಡು ಸಲ ಸುತ್ತು ಹಾಕಿ, ತಪ್ಪು ಜಾಗಕ್ಕೆ ಬಂದೆನೇನೋ ಅಂತ ಇನ್ನೇನು ವಾಪಸ್ ಹೊರಡಬೇಕು, ಅಷ್ಟರಲ್ಲಿ ಒಂದು ಕೊಳವೆಯ ಮೇಲೆ ತಿರುಗಿಸುವ ಹಿಡಿ ಇರುವುದು ಕಂಡಿತು. ತಿರುಗಿಸಿದೆ. ಬಂಡೆ ಅಂದುಕೊಂಡದ್ದು ತೆರೆದುಕೊಂಡಿತು.

ಒಳಗೆ ಹೋದ ಮೇಲೂ ಪೆಟ್ಟಿಗೆ ಸುಲಭಕ್ಕೆ ಸಿಗುವುದಿಲ್ಲ. ಈ ಆಟ ಆಡಿದವರೆಲ್ಲ ಆ ಪೆಟ್ಟಿಗೆ ಹುಡುಕಿ ಸುಸ್ತಾದ ಕಥೆ ಹೇಳುತ್ತಾರೆ. ಅದು ಹೊಳೆಯುವುದಿಲ್ಲ, ಅದರ ಸುತ್ತ ಬಣ್ಣದ ಗೆರೆ ಇಲ್ಲ. ಒಂದು ಪಕ್ಕದ ಕೋಣೆಯ ಕಪಾಟಿನಲ್ಲಿ, ಬೇರೆ ಹಳೇ ಪಾತ್ರೆ ಪಗಡದ ಜೊತೆ ಸುಮ್ಮನೆ ಕೂತಿರುತ್ತದೆ. ಒಂದು ಸಂಜೆಯೆಲ್ಲ ಹುಡುಕಿದೆ. ಕೈಗೆ ಸಿಕ್ಕಾಗ ನನಗಾದ ಸಂತೋಷಕ್ಕೂ ಅದರ ಬೆಲೆಗೂ ಸಂಬಂಧವೇ ಇರಲಿಲ್ಲ. ಒಯ್ದು ಕೊಡಬೇಕಾದ ಯಾರದೋ ವಸ್ತು ಅದು, ನನಗೆ ಉಳಿಯುವುದೂ ಇಲ್ಲ. ಆದರೆ ಆ ಒಂದು ಸಂಜೆ ನಾನು ಆ ಪಾಳು ಮನೆಯ ಪ್ರತಿ ಕಪಾಟನ್ನೂ ನೋಡಿದ್ದೆ. ಅಲ್ಲಿ ಬದುಕಿದ್ದವರು ಏನು ಕಟ್ಟುತ್ತಿದ್ದರು, ಯಾವ ಯಂತ್ರ ಇಟ್ಟುಕೊಂಡಿದ್ದರು, ಎಂಥ ಬಟ್ಟಲಿನಲ್ಲಿ ಕುಡಿಯುತ್ತಿದ್ದರು ಎಂಬುದೆಲ್ಲ ಕಣ್ಣಿಗೆ ಕಟ್ಟಿತ್ತು. ಮಾರ್ಕರ್ ಇದ್ದಿದ್ದರೆ ನೇರ ಕಪಾಟಿಗೆ ಹೋಗಿ ಎತ್ತಿಕೊಂಡು ಐದು ನಿಮಿಷದಲ್ಲಿ ಹೊರಗೆ ಬರುತ್ತಿದ್ದೆ, ಅಷ್ಟೆ.

ಇದನ್ನು ಓದಿ, ಹಾಗಾದರೆ ಮಾರ್ಕರ್ ಇರಲೇಬಾರದು ಎನ್ನುತ್ತೀಯಾ ಅಂತ ಕೇಳುವವರಿದ್ದಾರೆ. ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡಲು ಕೂರುವವರಿಗೆ ಆ ಗಂಟೆಯೆಲ್ಲ ದಾರಿ ತಪ್ಪುವುದರಲ್ಲೇ ಹೋದರೆ ಬೇಜಾರಾಗುತ್ತದೆ, ಅದು ನ್ಯಾಯವೇ. ಮಾರೋವಿಂಡ್‌ನಲ್ಲಿ ಕೆಲವರು ಹೇಳುವ ದಾರಿ ತಪ್ಪಾಗಿಯೇ ಇದೆ. ನಾನು ಕೇಳುವುದು ಇಷ್ಟೆ: ಮಾರ್ಕರ್ ತೆಗೆದರೂ ಆ ಜಾಗ ಹುಡುಕಿಕೊಳ್ಳಲು ಬೇಕಾದ ಸುಳಿವು ಆ ಜಗತ್ತಿನೊಳಗೆ ಇರಬೇಕು. ಇವತ್ತಿನ ಎಷ್ಟೋ ಆಟಗಳಲ್ಲಿ ಸೆಟಿಂಗ್ಸ್‌ಗೆ ಹೋಗಿ ಮಾರ್ಕರ್ ಆಫ್ ಮಾಡಬಹುದು. ಆದರೆ ಆಫ್ ಮಾಡಿದ ಮೇಲೆ ಯಾರ ಮಾತಿನಲ್ಲೂ ದಿಕ್ಕಿಲ್ಲ, ರಸ್ತೆ ಬದಿಯ ಕಲ್ಲಿನ ಮೇಲೆ ಹೆಸರಿಲ್ಲ. ಅಂಥ ಕಡೆ ಆ ಸೆಟಿಂಗ್ ಕೊಟ್ಟೂ ಕೊಡದ ಹಾಗೆ.

2017ರ ಮಾರ್ಚ್‌ನಲ್ಲಿ ನಿಂಟೆಂಡೊದ ಬ್ರೆತ್ ಆಫ್ ದಿ ವೈಲ್ಡ್ ಬಂತು. ಈ ಗಂಟನ್ನು ಅದು ಬಿಡಿಸಿದಷ್ಟು ಚೆನ್ನಾಗಿ ಬೇರೆ ಯಾವುದೂ ಬಿಡಿಸಿಲ್ಲ. ಅಲ್ಲೂ ಎತ್ತರದ ಗೋಪುರಗಳಿವೆ, ಹತ್ತಿದರೆ ಮ್ಯಾಪ್ ತೆರೆಯುತ್ತದೆ. ಆದರೆ ತೆರೆದ ಮ್ಯಾಪ್‌ನಲ್ಲಿ ಕಾಣುವುದು ಬೆಟ್ಟದ ಏರಿಳಿತ, ಹೊಳೆ, ದಾರಿ, ಜಾಗಗಳ ಹೆಸರು. ಅಲ್ಲಿ ಏನೇನು ಬಚ್ಚಿಟ್ಟಿದೆ ಎಂಬ ಪಟ್ಟಿ ಇಲ್ಲ. ಗೋಪುರದ ತುದಿಯಲ್ಲಿ ನಿಂತು ದುರ್ಬೀನಿನಲ್ಲಿ ಸುತ್ತ ನೋಡಿ, ಏನಾದರೂ ವಿಚಿತ್ರ ಕಂಡರೆ ಗುರುತನ್ನು ನಾವೇ ನೆಡಬೇಕು. ಮೇಲುಮೇಲಕ್ಕೆ ನೋಡಿದರೆ ಸಣ್ಣ ವ್ಯತ್ಯಾಸ, ಹಳೆಯ ಆಟಗಳಲ್ಲಿ ಆಟ ಹಾಕುತ್ತಿದ್ದ ಗುರುತನ್ನು ಇಲ್ಲಿ ಆಡುವವರು ಹಾಕುತ್ತಾರೆ. ಆದರೆ ಆ ಮ್ಯಾಪ್ ಪ್ರತಿಯೊಬ್ಬರಲ್ಲೂ ಬೇರೆ ಬೇರೆ. ನನ್ನ ಮ್ಯಾಪ್‌ನಲ್ಲಿ ಇರುವುದು ನನ್ನ ಕುತೂಹಲ ಎಲ್ಲೆಲ್ಲಿ ತಿರುಗಿತೋ ಅದರ ಲೆಕ್ಕ.

ಆ ವರ್ಷವೇ ಜಪಾನಿನ ಗೇಮ್ ತಯಾರಕರ ಸಮ್ಮೇಳನವಾದ ಸೆಡೆಕ್‌ನಲ್ಲಿ ಈ ಆಟದ ತಂಡದವರು ತಮ್ಮ ನೆಲ ಕಟ್ಟಿದ ಕ್ರಮವನ್ನು ಬಿಡಿಸಿ ಹೇಳಿದರು. ಅವರು ಅದನ್ನು ತ್ರಿಕೋನದ ನಿಯಮ ಅನ್ನುತ್ತಾರೆ. ಗುಡ್ಡಗಳನ್ನು ತ್ರಿಕೋನದ ಆಕಾರದಲ್ಲಿ ಮಾಡಿದಾಗ ಎರಡು ಲಾಭ. ಎದುರಿಗೆ ಗುಡ್ಡ ಬಂದರೆ ಹತ್ತಿ ದಾಟಲೋ ಬಳಸಿ ಹೋಗಲೋ ಎಂಬ ಆಯ್ಕೆ ತಾನಾಗಿ ಹುಟ್ಟುತ್ತದೆ. ಹಾಗೆಯೇ ಗುಡ್ಡ ತನ್ನ ಹಿಂದಿರುವುದನ್ನು ಮುಚ್ಚಿಟ್ಟು, ನಡೆದ ಹಾಗೆಲ್ಲ ಸ್ವಲ್ಪ ಸ್ವಲ್ಪವೇ ತೋರಿಸುತ್ತದೆ. ದೊಡ್ಡ ತ್ರಿಕೋನಗಳು ದೂರದಿಂದ ಕಾಣುವ ಗುರುತಿಗೆ, ನಡುವಿನವು ನೋಟಕ್ಕೆ ಮರೆಯಾಗಲು, ಸಣ್ಣವು ಹೆಜ್ಜೆಯ ಲಯ ಬದಲಾಯಿಸಲು. ಇದನ್ನು ತಿಳಿದ ಮೇಲೆ ಮತ್ತೆ ಆಡಲು ಕೂತೆ. ಒಂದು ಮಂದಿರದ ಕಡೆ ಹೊರಟವರು ನಡುವೆ ಮೂರು ಕಡೆ ಅಡ್ಡದಾರಿ ಹಿಡಿದು, ಎರಡು ಗಂಟೆ ಬಿಟ್ಟು ಎಲ್ಲೋ ತಲುಪುತ್ತೇವಲ್ಲ, ಅದಕ್ಕೆ ನಮ್ಮ ಚಂಚಲ ಬುದ್ಧಿ ಕಾರಣವಲ್ಲ. ಗುಡ್ಡದ ಅಂಚಿನಿಂದ ಒಂದು ಹೊಗೆ, ಒಂದು ಮರದ ತುದಿ, ಒಂದು ಮುರಿದ ಗೋಡೆ ಇಣುಕುವ ಹಾಗೆ ಯಾರೋ ಶ್ರದ್ಧೆಯಿಂದ ಕೂತು ಇಟ್ಟಿದ್ದಾರೆ. ಗುಟ್ಟು ತಿಳಿದರೆ ಮಾಯೆ ಹೋಗಿಬಿಡುತ್ತದೇನೋ ಅಂದುಕೊಂಡಿದ್ದೆ. ನನಗೆ ಅದು ಇಮ್ಮಡಿಯಾಯಿತು. ನನ್ನ ಕಣ್ಣು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅಷ್ಟು ಮರ್ಯಾದೆಯಿಂದ ಯೋಚಿಸಿದವರಿದ್ದಾರೆ ಎಂಬುದು ದೊಡ್ಡ ಸಂಗತಿ.

ಅದೇ ಆಟದಲ್ಲಿ ಕೊರೊಕ್ ಬೀಜ ಎಂಬ, ಅಲ್ಲಲ್ಲಿ ಬಚ್ಚಿಟ್ಟ 900 ಸಣ್ಣ ಬಹುಮಾನಗಳಿವೆ. ಕಲ್ಲೆತ್ತಿದರೆ ಒಂದು, ಮರದ ತುದಿಯಲ್ಲಿ ಒಂದು, ಸಾಲಾಗಿ ಇಟ್ಟ ಕಲ್ಲುಗಳಲ್ಲಿ ಒಂದು ಕಡಿಮೆ ಇದ್ದರೆ ಅದನ್ನು ತುಂಬಿದಾಗ ಇನ್ನೊಂದು. ಇಲ್ಲಿ ಯಾಕೆ ಹೀಗಿದೆ ಅಂತ ಒಂದು ಕ್ಷಣ ನಿಂತು ನೋಡಿದವರಿಗೆ, ಹೌದು, ನೀನು ನೋಡಿದ್ದು ಸರಿ ಅಂತ ಹೇಳುವ ಕ್ರಮ ಅದು. ಬೀಜ ಕೊಟ್ಟರೆ ಆಯುಧ ಇಡುವ ಜಾಗ ಹೆಚ್ಚುತ್ತದೆ, ಅದಕ್ಕೆ 900 ಪೂರ್ತಿ ಬೇಕಾಗುವುದೂ ಇಲ್ಲ. ಅಷ್ಟನ್ನೂ ಒಟ್ಟುಮಾಡಿದವರಿಗೆ ಕೊನೆಗೆ ಸಿಗುವುದು ಬೇಕೆಂದಾಗ ಹೆಸ್ಟು ಎಂಬ ಮರದಂಥವನ ಕುಣಿತ ನೋಡುವ ಒಂದು ಉಡುಗೊರೆ, ಅಷ್ಟೆ. ತಯಾರಕರು ಇದರಲ್ಲಿ ತಮ್ಮ ಮನಸ್ಸನ್ನು ತೋರಿಸಿದ್ದಾರೆ ಅನ್ನುವುದು ನನ್ನ ನಂಬಿಕೆ. ಎಲ್ಲವನ್ನೂ ಒಟ್ಟುಮಾಡಲಿ ಅಂತ ಇಟ್ಟದ್ದಲ್ಲ, ಎಲ್ಲಿ ಹೋದರೂ ಒಂದಾದರೂ ಸಿಗಲಿ ಅಂತ ಇಟ್ಟದ್ದು.

ಇದಕ್ಕೆ ತದ್ವಿರುದ್ಧ ಅನುಭವ ನನಗಾಗಿದ್ದು, ನಾನು ಬಹಳ ಪ್ರೀತಿಸುವ ಇನ್ನೊಂದು ಆಟದಲ್ಲಿ. 2015ರ ವಿಚರ್ 3ರಲ್ಲಿ ಸ್ಕೆಲಿಗೆ ಎಂಬ ದ್ವೀಪಗಳ ಗುಂಪಿದೆ. ಹಿಮದ ಶಿಖರ, ಕಡಿದಾದ ದಡ, ಗಾಳಿಗೆ ವಾಲುವ ಪೈನ್ ಮರಗಳು, ಹಡಗು ತಿರುಗಿಸಿದರೆ ಕೇಳುವ ಆ ಹಾಡು. ಅಷ್ಟು ಚೆಲುವಾದ ಕಡಲಿನ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ದೋಣಿಯಲ್ಲಿ ಒಂದೊಂದರ ಹತ್ತಿರ ಹೋದರೆ ನೀರಿನಲ್ಲಿ ತೇಲುವ ಪೀಪಾಯಿ, ಮುಳುಗಿದ ಪೆಟ್ಟಿಗೆ, ಮೇಲೆ ಹಾರುವ ರಾಕ್ಷಸ ಹಕ್ಕಿಗಳು. ಮುಂದಿನದೂ ಅದೇ, ಅದರ ಮುಂದಿನದೂ ಅದೇ. ಇಪ್ಪತ್ತನೆಯದರ ಹೊತ್ತಿಗೆ ಕಡಲು ಕಣ್ಣಿಗೆ ಕಾಣುವುದು ನಿಂತಿತ್ತು. ಸಿಕ್ಕ ಕತ್ತಿಗಳು ಒಳ್ಳೆಯವೇ ಇರಬಹುದು, ತೂಕ ಹೆಚ್ಚಾಯಿತು ಅಂತ ಮಾರಿಬಿಟ್ಟೆ. ಅದೇ ಆಟದ ವೆಲೆನ್ ಎಂಬ ಜೌಗು ನಾಡಿನಲ್ಲಿ, ಯುದ್ಧದಲ್ಲಿ ಹಾಳಾದ ಊರುಗಳಲ್ಲಿ, ಸತ್ತವರ ಜೇಬಿನಲ್ಲಿ ಸಿಗುವ ಕಾಗದ ಓದಿ ಗಂಟಲು ಕಟ್ಟಿದ ಸಂಜೆಗಳೂ ಇವೆ. ಎರಡೂ ಕಡೆ ಚಿಹ್ನೆ ಒಂದೇ. ಒಂದು ಕಡೆ ಚಿಹ್ನೆಯ ಹಿಂದೆ ಯಾರೋ ಬದುಕಿದ್ದರು, ಇನ್ನೊಂದು ಕಡೆ ಬರೀ ಸಾಮಾನಿತ್ತು.

ಹಾಗಾಗಿ ಮ್ಯಾಪ್ ದೊಡ್ಡದಿದೆ ಎಂಬ ಜಾಹೀರಾತು ನೋಡಿದಾಗ ನನಗೆ ಆಸೆ ಹುಟ್ಟುವುದಿಲ್ಲ. ದೊಡ್ಡದರಲ್ಲಿ ದೊಡ್ಡದನ್ನು 1996ರಲ್ಲೇ ಮಾಡಿ ಮುಗಿಸಿದ್ದಾರೆ. ಆ ವರ್ಷ ಬಂದ ಡ್ಯಾಗರ್‌ಫಾಲ್ ಆಟದ ನೆಲ ಗ್ರೇಟ್ ಬ್ರಿಟನ್‌ನಷ್ಟು ವಿಸ್ತಾರ ಎನ್ನುತ್ತಿದ್ದರು, ಊರು, ಗುಡಿ, ನೆಲಮಾಳಿಗೆ ಎಲ್ಲ ಸೇರಿ ಸುಮಾರು 15,000 ಜಾಗಗಳು. ಬಹುಪಾಲು ಕಂಪ್ಯೂಟರೇ ಲೆಕ್ಕ ಹಾಕಿ ಜೋಡಿಸಿದ್ದು. ಆ ಸಾಹಸಕ್ಕೆ ನನ್ನ ನಮಸ್ಕಾರ. ಆದರೆ ಅಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ನಡೆದು ಹೋಗುವವರಿಲ್ಲ, ನಡೆದರೂ ದಾರಿಯಲ್ಲಿ ಏನೂ ಇಲ್ಲ. ಅದೇ ಸರಣಿಯಲ್ಲಿ ಅದರ ಮುಂದಿನ ಮುಖ್ಯ ಆಟವಾದ ಮಾರೋವಿಂಡ್ ಒಂದೇ ದ್ವೀಪಕ್ಕೆ ಇಳಿಯಿತು. ಆಗಿನ ಕಂಪ್ಯೂಟರ್‌ಗಳಿಗೆ ದೂರದ್ದನ್ನು ತೋರಿಸುವ ಶಕ್ತಿ ಇರಲಿಲ್ಲವಾದ್ದರಿಂದ ಎಲ್ಲ ಕಡೆ ಮಂಜು ಮುಸುಕಿರುತ್ತಿತ್ತು. ಆ ಮಂಜಿನಲ್ಲಿ ದಾರಿ ಸುತ್ತಿ ಬಳಸಿ ಹೋಗುತ್ತಿತ್ತು. ಆಮೇಲೆ ಆಡುವವರಲ್ಲೇ ಯಾರೋ ಮಂಜು ತೆಗೆಯುವ ಮಾಡ್, ಅಂದರೆ ಆಟವನ್ನು ಬದಲಿಸುವ ಸೇರ್ಪಡೆ, ಮಾಡಿದರು, ಹಾಕಿ ನೋಡಿದೆ. ಮೂರು ದಿನದ ಪಯಣ ಅಂದುಕೊಂಡಿದ್ದ ಊರು ಪಕ್ಕದ ದಿಬ್ಬದ ಮೇಲೇ ಕೂತಿತ್ತು! ಮಾಡ್ ತೆಗೆದುಹಾಕಿದೆ.

ಭಯದ ಬಗ್ಗೆ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. 2001ರಲ್ಲಿ ಬಂದ ಜರ್ಮನಿಯ ಗಾಥಿಕ್ ಎಂಬ ಆಟದಲ್ಲಿ ಕಾಡಿಗೆ ಕಾಲಿಟ್ಟರೆ ಸಾಯುತ್ತೇವೆ. ನಮ್ಮ ಲೆವೆಲ್, ಅಂದರೆ ಶಕ್ತಿಯ ಮಟ್ಟ, ಎಷ್ಟು ಅಂತ ಆ ಕಾಡು ಕೇಳುವುದಿಲ್ಲ. ಮೊದಲ ದಿನವೂ ಅಲ್ಲಿ ಅದೇ ಮೃಗ, ಐವತ್ತನೇ ದಿನವೂ ಅದೇ ಮೃಗ. ದಾರಿ ಬಿಟ್ಟು ಅಲುಗಾಡಲು ಅಂಜುತ್ತಿದ್ದವರು ಒಂದು ದಿನ ಒಳ್ಳೆಯ ಕತ್ತಿ, ಕಲಿತ ವಿದ್ಯೆ ಹಿಡಿದು ಆ ಕಾಡಿಗೆ ಹೋಗಿ ಬದುಕಿ ಹಿಂದಿರುಗುತ್ತಾರಲ್ಲ, ಆ ಹೆಮ್ಮೆ ಬೇರೆ. ಸ್ಕೈರಿಮ್ ಸರಣಿಯದೇ ಆದ 2006ರ ಅಬ್ಲಿವಿಯನ್‌ನಲ್ಲಿ ಇದನ್ನು ತಲೆಕೆಳಗು ಮಾಡಿದರು. ನಮ್ಮ ಲೆವೆಲ್ ಏರಿದಂತೆ ಇಡೀ ಜಗತ್ತಿನ ಲೆವೆಲ್ ಏರುತ್ತದೆ. ಎಲ್ಲಿ ಬೇಕಾದರೂ ಯಾವಾಗ ಬೇಕಾದರೂ ಹೋಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು. ಆಗಿದ್ದೇನೆಂದರೆ, ರಸ್ತೆಯಲ್ಲಿ ನೂರು ಚಿನ್ನದ ನಾಣ್ಯಕ್ಕಾಗಿ ಅಡ್ಡಗಟ್ಟುವ ದಾರಿಗಳ್ಳ, ಸಾವಿರಾರು ನಾಣ್ಯ ಬಾಳುವ ಗಾಜಿನ ಕವಚ ತೊಟ್ಟು ನಿಂತಿರುತ್ತಿದ್ದ. ಯಾವ ಗುಹೆಗೂ ತನ್ನದೇ ಸ್ವಭಾವ ಉಳಿಯಲಿಲ್ಲ. ಎಲ್ಲಿ ಹೋದರೂ ನನ್ನ ಅಳತೆಗೆ ಹೊಲಿದ ಅಂಗಿ. ನನಗಾಗಿ ಕಾಯುತ್ತಿರುವ ಜಾಗವನ್ನು ಕಂಡುಹಿಡಿಯಲು ಬರುವುದಿಲ್ಲ, ನನ್ನ ಪಾಡಿಗೆ ನಾನು ಹೋದಾಗ ತನ್ನ ಪಾಡಿಗೆ ತಾನಿರುವ ಜಾಗ ಬೇಕು.

2022ರ ಎಲ್ಡನ್ ರಿಂಗ್ ಆಡಿದಾಗ ಗಾಥಿಕ್ ಕಾಲದ ಆ ಅಂಜಿಕೆ ಮತ್ತೆ ಸಿಕ್ಕಿತು. ಶುರುವಾದ ಸ್ವಲ್ಪ ಹೊತ್ತಿಗೇ, ಕೆರೆಯ ಪಕ್ಕದ ಪಾಳು ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ತೆಗೆದರೆ ಹೊಗೆ ಎದ್ದು, ಕಣ್ಣು ಬಿಟ್ಟಾಗ ಎಲ್ಲೋ ಹರಳಿನ ಸುರಂಗದಲ್ಲಿ ಬಿದ್ದಿರುತ್ತೇವೆ. ಹೇಗೋ ತಪ್ಪಿಸಿಕೊಂಡು ಹೊರಗೆ ಬಂದರೆ ಆಕಾಶ ರಕ್ತದ ಬಣ್ಣಕ್ಕೆ ತಿರುಗಿದೆ, ನೆಲ ಕೊಳೆತಿದೆ. ಮ್ಯಾಪ್ ತೆಗೆದು ನೋಡಿದೆ. ಅದುವರೆಗೆ ನಾನು ಜಗತ್ತು ಅಂದುಕೊಂಡಿದ್ದರ ಅಂಚಿನಾಚೆ, ಎಷ್ಟೋ ದೂರ ಪೂರ್ವಕ್ಕೆ ನಾನಿದ್ದೆ. ಈ ಆಟದ ಮ್ಯಾಪ್ ಮೊದಲೇ ತನ್ನ ಪೂರ್ತಿ ಅಳತೆ ತೋರಿಸುವುದಿಲ್ಲ, ಹೋದ ಹಾಗೆ ಬೆಳೆಯುತ್ತದೆ. ಓಡಿ ಓಡಿ ಬದುಕಿಕೊಂಡೆ. ಹತ್ತು ಹದಿನೈದು ದಿನ ಬಿಟ್ಟು ನಡೆದುಕೊಂಡೇ ಅದೇ ಕೆಂಪು ನಾಡಿನ ಗಡಿಗೆ ಬಂದಾಗ, ಓ ಇದು ಅದೇ ಜಾಗ ಅಂತ ಕಾಲು ಗುರುತು ಹಿಡಿಯಿತು.

ಇನ್ನೊಂದು ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದೇ ಆಟದ ಲಿಮ್‌ಗ್ರೇವ್ ಎಂಬ ಮೊದಲ ನಾಡಿನ ಪೂರ್ವಕ್ಕೆ ಮಂಜು ಕವಿದ ಒಂದು ಕಾಡಿದೆ. ಮುಖ್ಯ ಕೋಟೆಯ ಬಾಗಿಲಲ್ಲಿ ಮಾರ್ಗಿಟ್ ಎಂಬ ಬಾಸ್, ಅಂದರೆ ದಾರಿ ಕಾಯುವ ಬಲಿಷ್ಠ ಎದುರಾಳಿ, ನನ್ನನ್ನು ಎಷ್ಟು ಸಲ ಕೊಂದಿದ್ದ ಅಂದರೆ, ನೇರ ದಾರಿ ಬೇಡ, ಬೇರೆ ಕಡೆ ತಿರುಗಾಡಿ ಬರೋಣ ಅಂತ ಆ ಕಾಡಿಗೆ ಹೋದೆ. ಹಾಗೆ ತಿರುಗಿಸಲೆಂದೇ ಅವನನ್ನು ಅಲ್ಲಿ ನಿಲ್ಲಿಸಿದ್ದಾರೆ ಅಂತ ಆಮೇಲೆ ಅರ್ಥವಾಯಿತು. ಕಾಡಿನಲ್ಲಿ ಆನೆ ಗಾತ್ರದ ಕರಡಿ ತಿರುಗುತ್ತಿರುತ್ತದೆ. ಅದರ ಕಣ್ಣು ತಪ್ಪಿಸಿ ಬಗ್ಗಿಕೊಂಡು ಹೋಗುವಾಗ ಮರಗಳ ನಡುವೆ ಒಂದು ಸಣ್ಣ ಕಲ್ಲಿನ ಕಟ್ಟಡ ಸಿಕ್ಕಿತು. ಒಳಗೆ ನೆಲದ ನಡುವೆ ದುಂಡನೆಯ ಕಲ್ಲು. ಅದರ ಮೇಲೆ ಕಾಲಿಟ್ಟೆ, ಲಿಫ್ಟ್ ಇಳಿಯತೊಡಗಿತು.

ಇಳಿಯುತ್ತಲೇ ಇತ್ತು. ಹತ್ತು ಸೆಕೆಂಡ್‌ನಲ್ಲಿ ನಿಲ್ಲುತ್ತದೆ ಅಂದುಕೊಂಡೆ, ನಿಲ್ಲಲಿಲ್ಲ. ಸಂಗೀತವಿಲ್ಲ, ಕಲ್ಲು ಉಜ್ಜುವ ಸದ್ದು ಮಾತ್ರ. ಕಂಟ್ರೋಲರ್ ಕೈಯಲ್ಲಿತ್ತು, ಒತ್ತಲು ಏನೂ ಇರಲಿಲ್ಲ. ಒಂದು ಹಂತದಲ್ಲಿ ನನಗೆ ನಿಜವಾಗಿ ದಿಗಿಲಾಯಿತು, ಇಷ್ಟು ಆಳದಲ್ಲಿ ಏನಿರಬಹುದು, ಇಲ್ಲಿಂದ ಮೇಲೆ ಬರುವುದು ಹೇಗೆ ಅಂತ. ಕೊನೆಗೂ ನಿಂತಿತು. ಹೊರಗೆ ಹೆಜ್ಜೆಯಿಟ್ಟರೆ ತಲೆಯ ಮೇಲೆ ನಕ್ಷತ್ರ ತುಂಬಿದ ರಾತ್ರಿ. ನೆಲದೊಳಗೆ! ಕೆಳಗೆ ನದಿ, ಕಂಬಗಳ ಸಾಲು, ಪಾಳು ಬಿದ್ದ ಗುಡಿಗಳು, ದೂರದಲ್ಲಿ ನೀಲಿಯಾಗಿ ಮಿನುಗುವ ಆಕೃತಿಗಳು. ಸಿಯೋಫ್ರಾ ನದಿ ಅಂತ ಪರದೆಯ ಮೇಲೆ ಹೆಸರು ಬಂತು. ಮ್ಯಾಪ್ ತೆಗೆದೆ. ಅದರಲ್ಲಿ ಮೇಲಿನ ನೆಲ, ಕೆಳಗಿನ ನೆಲ ಅಂತ ಬದಲಾಯಿಸಿ ನೋಡುವ ವ್ಯವಸ್ಥೆ ಆಗಷ್ಟೇ ಹುಟ್ಟಿಕೊಂಡಿತ್ತು. ಇಷ್ಟು ದಿನ ನಾನು ಓಡಾಡಿದ ನೆಲದ ಕೆಳಗೆಲ್ಲ ಇನ್ನೊಂದು ಲೋಕ ಇತ್ತು, ಯಾವ ಪಾತ್ರವೂ ನನಗೆ ಅದನ್ನು ತೋರಿಸಿರಲಿಲ್ಲ.

ನಾನು ಅಲ್ಲಿ ಹತ್ತು ನಿಮಿಷ ಏನೂ ಮಾಡದೆ ನಿಂತೆ. ಆಮೇಲೆ ದೂರದಿಂದ ಒಂದು ಹೊಳೆಯುವ ಬಾಣ ಬಂದು ನನ್ನನ್ನು ಕೊಂದಿತು.

ಗುಹೆಗೂ ಈ ಆಟಗಳಿಗೂ ಹಳೇ ನಂಟು. 1976ರ ಸುಮಾರಿಗೆ ಅಮೆರಿಕದ ವಿಲ್ ಕ್ರೌದರ್ ಎಂಬ ಪ್ರೋಗ್ರಾಮರ್ ಬರೀ ಅಕ್ಷರಗಳಲ್ಲಿ ಆಡುವ ಒಂದು ಸಾಹಸದ ಆಟ ಬರೆದರು. ಅವರು ಕೆಂಟಕಿಯ ಮ್ಯಾಮತ್ ಗುಹೆಗಳೊಳಗೆ ಇಳಿದು ನಕ್ಷೆ ಬರೆದವರು. ತಮ್ಮ ಹೆಣ್ಣುಮಕ್ಕಳು ಆಡಲಿ ಅಂತ ತಾವು ಕಂಡ ಗುಹೆಯನ್ನೇ ಆಟವಾಗಿಸಿದರು. ಬ್ರೆತ್ ಆಫ್ ದಿ ವೈಲ್ಡ್ ಸೇರಿದ ಜೆಲ್ಡಾ ಸರಣಿಯ ಮೊದಲ ಆಟವನ್ನು 1986ರಲ್ಲಿ ತಂದ ಶಿಗೆರು ಮಿಯಾಮೊಟೊ ಕ್ಯೋಟೊ ಹತ್ತಿರದ ಸೊನೊಬೆಯಲ್ಲಿ ಬೆಳೆದವರು. ಹುಡುಗನಾಗಿದ್ದಾಗ ಊರ ಹೊರಗಿನ ಬೆಟ್ಟಗಳಲ್ಲಿ ಅಲೆಯುತ್ತ ಒಂದು ಗುಹೆ ಕಂಡು, ದೀಪ ಹಿಡಿದು ಒಳಗೆ ಹೋದ ನೆನಪೇ ಆ ಆಟದ ಬೀಜ ಅಂತ ಅವರು ಹೇಳಿಕೊಂಡಿದ್ದಾರೆ. ಆ ಆಟ ಶುರು ಮಾಡಿದ ಕೂಡಲೇ ಕಾಣುವ ಮೊದಲ ಪರದೆಯಲ್ಲಿ ಒಂದು ಕಪ್ಪು ಬಾಗಿಲಿದೆ. ಒಳಗೆ ಹೋಗು ಅಂತ ಬರೆದಿಲ್ಲ. ಹೋಗದೆ ಮುಂದೆ ನಡೆದವರಿಗೆ ಕತ್ತಿ ಇಲ್ಲ. ಹೊರಗೆ ನಿಂತ ಒಂದು ಮಗು, ಕತ್ತಲೆ ತುಂಬಿದ ಒಂದು ಬಾಯಿ, ಕೈಯಲ್ಲೊಂದು ದೀಪ. ಇಷ್ಟು ವರ್ಷದಲ್ಲಿ ಚಿತ್ರದ ಗುಣಮಟ್ಟ ಎಲ್ಲಿಂದ ಎಲ್ಲಿಗೋ ಬಂದಿದೆ, ಸಿಯೋಫ್ರಾಕ್ಕೆ ಇಳಿಯುವಾಗ ನನ್ನೊಳಗೆ ಆದದ್ದು ಅದೇ.

ದೀಪ ಅಂದಾಗ 2024ರ ಡ್ರ್ಯಾಗನ್ಸ್ ಡಾಗ್ಮಾ 2 ನೆನಪಾಗುತ್ತದೆ. ಅದರಲ್ಲಿ ಫಾಸ್ಟ್ ಟ್ರಾವೆಲ್, ಅಂದರೆ ನಡೆಯದೆ ಒಮ್ಮೆಲೇ ದೂರದ ಜಾಗಕ್ಕೆ ಜಿಗಿಯುವ ಸೌಲಭ್ಯ, ಬೇಕೆಂದಾಗಲೆಲ್ಲ ಸಿಗುವುದಿಲ್ಲ. ಅದಕ್ಕೆ ಬೇಕಾದ ಕಲ್ಲು ಅಪರೂಪ, ಎತ್ತಿನ ಗಾಡಿ ಹತ್ತಿದರೆ ನಡುದಾರಿಯಲ್ಲಿ ದಾಳಿಯಾಗುತ್ತದೆ. ರಾತ್ರಿ ಎಂದರೆ ನಿಜವಾದ ರಾತ್ರಿ, ಸೊಂಟದ ಲಾಟೀನಿನ ಬೆಳಕು ನಾಲ್ಕು ಹೆಜ್ಜೆಗೆ ಮಾತ್ರ, ಅದರ ಎಣ್ಣೆಯೂ ಮುಗಿಯುತ್ತದೆ. ಇದರ ಬಗ್ಗೆ ಬೈದವರು ಬಹಳ ಮಂದಿ. ನನಗೆ ಮಾತ್ರ ಈ ಆಟ ಒಂದು ಪಾಠ ಕಲಿಸಿತು. ಹೋಗುವುದರಷ್ಟೇ ಹಿಂದಿರುಗುವುದೂ ಅಲೆದಾಟದ ಭಾಗ. ಗುಹೆಯ ಕೊನೆ ಮುಟ್ಟಿ, ಪೆಟ್ಟಿಗೆ ತೆಗೆದು, ಮ್ಯಾಪ್ ಮೇಲೆ ಒತ್ತಿ ಊರಿಗೆ ಜಿಗಿದರೆ ಗುಹೆ ಅಲ್ಲಿಗೇ ಸತ್ತಿತು. ಗಾಯ ಮಾಡಿಕೊಂಡು, ಔಷಧಿ ಮುಗಿಸಿಕೊಂಡು, ಕತ್ತಲಾಗುವ ಮೊದಲು ಊರು ಸೇರಬೇಕು ಅಂತ ಹೊರಟಾಗ, ಬೆಳಗ್ಗೆ ಬಂದ ದಾರಿಯೇ ಬೇರೆಯಾಗಿ ಕಾಣುತ್ತದೆ. ಊರಿನ ದೀಪ ಕಂಡಾಗ ಆಗುವ ನೆಮ್ಮದಿ ಯಾವ ಪೆಟ್ಟಿಗೆಯಲ್ಲೂ ಇಲ್ಲ.

ಅಲೆದಾಟಕ್ಕೆ ಒಂದು ಕೊರತೆಯೂ ಇದೆ, ಅದನ್ನು ಸರಿಮಾಡಲು ಯಾರಿಂದಲೂ ಆಗುವುದಿಲ್ಲ. ಒಂದು ಜಾಗವನ್ನು ಒಂದೇ ಸಲ ಕಂಡುಹಿಡಿಯಬಹುದು. ಸಿಯೋಫ್ರಾ ಲಿಫ್ಟ್‌ನಲ್ಲಿ ಆಮೇಲೆ ಎಷ್ಟೋ ಸಲ ಇಳಿದಿದ್ದೇನೆ, ಈಗ ಅದು ಬರೀ ನಿಧಾನದ ಲಿಫ್ಟ್. ಹಾಗಾಗಿ ನಾನು ಯಾರಿಗಾದರೂ ಈ ಆಟಗಳನ್ನು ಆಡಿ ಅಂತ ಹೇಳುವಾಗ ಬಾಯಿ ಬಿಗಿ ಹಿಡಿಯುತ್ತೇನೆ. ಇಲ್ಲಿ ಇಷ್ಟೆಲ್ಲ ಬರೆದು ಕೆಲವರ ಪಾಲಿನ ಆ ಒಂದು ಸಲವನ್ನು ನಾನೇ ಕಸಿದುಕೊಂಡಿದ್ದರೆ ಕ್ಷಮೆ ಇರಲಿ. ಹೇಳದೆ ಬಿಟ್ಟಿರುವುದು ಇದರ ನೂರು ಪಟ್ಟು ಇದೆ.

ದೀಪಸ್ತಂಭಕ್ಕೆ ಮತ್ತೆ ಬರುತ್ತೇನೆ ಅಂದಿದ್ದೆ. ವರ್ಷಗಳಾದ ಮೇಲೆ ಒಂದು ದಿನ ಹಳೆಯ ಸೇವ್ ಫೈಲ್, ಅಂದರೆ ಆಗ ಆಡಿ ಉಳಿಸಿಟ್ಟ ಆಟ, ತೆಗೆದೆ, ಸುಮ್ಮನೆ. ಚೀಲ ನೋಡುತ್ತಾ ಕೂತಿದ್ದಾಗ ಹೂವು, ಬೀಗದ ಕಡ್ಡಿ, ಹಳೇ ಪುಸ್ತಕಗಳ ನಡುವೆ ಒಂದು ಸಾಲು ಕಂಡಿತು: ಹಾಬ್ಡ್‌ನ ಅಸ್ಥಿ. ಅಷ್ಟೂ ದಿನ ನನ್ನ ಪಾತ್ರ ಆ ಮನುಷ್ಯನನ್ನು ಹೊತ್ತುಕೊಂಡು ಡ್ರ್ಯಾಗನ್ ಬೇಟೆಯಾಡಿತ್ತು, ಮದುವೆಗಳಿಗೆ ಹೋಗಿತ್ತು, ಮನೆ ಕೊಂಡಿತ್ತು. ಆಗ ದಿನಚರಿಯ ಆ ಮಾತು ನೆನಪಾಯಿತು. ತಾನು ಸತ್ತ ಮೇಲೆ ತನ್ನನ್ನು ದೀಪಸ್ತಂಭದ ಬೆಂಕಿಯಲ್ಲೇ ಸುಡಬೇಕು, ಅಲ್ಲಿಂದ ಕಡಲನ್ನು ನೋಡುತ್ತಿರಬೇಕು ಎಂಬುದು ಅವನ ಆಸೆ. ಆಟ ಅದನ್ನು ಕೆಲಸದ ಪಟ್ಟಿಯಲ್ಲಿ ಬರೆದಿರಲಿಲ್ಲ. ಮಾರ್ಕರ್ ಇರಲಿಲ್ಲ. ಓದಿದವರು ನೆನಪಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಫಾಸ್ಟ್ ಟ್ರಾವೆಲ್ ಮಾಡಲಿಲ್ಲ. ಡಾನ್‌ಸ್ಟಾರ್‌ನಿಂದ ನಡೆದುಕೊಂಡೇ ಹೋದೆ. ಆ ದಿನ ಹಿಮಗಾಳಿ ಇರಲಿಲ್ಲ, ಬೆಂಕಿ ದೂರದಿಂದಲೇ ಕಾಣುತ್ತಿತ್ತು. ರಮಾತಿ ಬಿದ್ದಿದ್ದ ಕೋಣೆ ದಾಟಿ, ಮೆಟ್ಟಿಲು ಹತ್ತಿ ತುದಿಗೆ ಬಂದೆ. ಅಸ್ಥಿಯನ್ನು ಬೆಂಕಿಗೆ ಹಾಕಿದೆ. ವಾಸಿಮಾಡುವ ಮಂತ್ರಗಳು ಇನ್ನು ಮೇಲೆ ನೂರಕ್ಕೆ ಹತ್ತರಷ್ಟು ಹೆಚ್ಚು ಕೆಲಸ ಮಾಡುತ್ತವೆ ಅಂತ ಒಂದು ಸಾಲು ಮೂಡಿ ಮರೆಯಾಯಿತು. ಆ ಪಾತ್ರ ಅಂಥ ಮಂತ್ರ ಬಳಸುವುದೇ ಕಡಿಮೆ. ಅಲ್ಲೇ ಕಟ್ಟೆಯ ಹತ್ತಿರ ನಿಂತು ಉತ್ತರಕ್ಕೆ ತಿರುಗಿದೆ. ಕೆಳಗೆ ನೀರ್ಗಲ್ಲುಗಳು ತೇಲುತ್ತಿದ್ದವು, ಅದರಾಚೆ ಕಡಲು.